ಬನ್ನಿ, ಒಮ್ಮೆ ಕೋರ್ಟಿನ ಮೆಟ್ಟಿಲು ಹತ್ತೋಣ

ಬರ್ಲಿನ್‌ನಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ,

ಕಳೆದ ಯುಗಾದಿಯ ಊಟದ ದಿನ ಹೋಳಿಗೆಯ ಸಾಲಿನಲ್ಲಿ ನಿಂತಿದ್ದಾಗ ನಾನು ಆಡಿದ ಮಾತೊಂದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ‘ಮುಂದಿನ ಮಂಗಳವಾರ ಕೋರ್ಟಿಗೆ ಹೋಗುತ್ತಿದ್ದೇನೆ, ಯಾರಾದರೂ ಜೊತೆಗೆ ಬರುತ್ತೀರಾ?’ ಎಂದು ಕೇಳಿದೆ, ಅಷ್ಟೇ. ಹಿರಿಯರೊಬ್ಬರು ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದು, ‘ಏನಾಯಿತಪ್ಪಾ, ಮನೆಯಲ್ಲಿ ಎಲ್ಲ ಸರಿಯಾಗಿದೆ ತಾನೇ?’ ಎಂದರು. ಇನ್ನೊಬ್ಬರು ವೀಸಾದ ತೊಂದರೆಯೇ ಎಂದು ಮೆಲುದನಿಯಲ್ಲಿ ವಿಚಾರಿಸಿದರು. ಬರೀ ಕಟ್ಟಡ ನೋಡಲು ಹೋಗುತ್ತಿದ್ದೇನೆ ಎಂದಾಗ ಇಬ್ಬರೂ ನನ್ನನ್ನು ನೋಡಿದ್ದು, ಗಾಳಿ ಸೇವನೆಗೆಂದು ಸ್ಮಶಾನಕ್ಕೆ ಹೊರಟವನನ್ನು ನೋಡುವ ಹಾಗೆ.

ಅವರದು ತಪ್ಪಲ್ಲ. ಕೋರ್ಟಿನ ಬಗ್ಗೆ ನಮ್ಮ ಭಾಷೆಯಲ್ಲಿ ಒಂದಾದರೂ ಒಳ್ಳೆಯ ಮಾತು ಇದ್ದರೆ ನನಗೆ ತಿಳಿಸಿ. ‘ಗೆದ್ದವನು ಸೋತ, ಸೋತವನು ಸತ್ತ’ ಎನ್ನುತ್ತೇವೆ. ‘ನಮ್ಮ ವಂಶದಲ್ಲಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ’ ಎಂಬುದು ಸಂಬಂಧ ಕುದುರಿಸುವಾಗ ಹೇಳಿಕೊಳ್ಳುವ ಹೆಗ್ಗಳಿಕೆ. ನನ್ನ ತಂದೆ ಆ ಹೆಗ್ಗಳಿಕೆಗೆ ಅರ್ಹರಾಗಿರಲಿಲ್ಲ. ಒಂದು ಬದುವಿನ ವ್ಯಾಜ್ಯಕ್ಕಾಗಿ ಹದಿನಾಲ್ಕು ವರ್ಷ ತಾಲ್ಲೂಕು ಕೋರ್ಟಿಗೆ ಅಲೆದರು. ಈಗ ಅವರೂ ಇಲ್ಲ, ಎದುರು ಪಕ್ಷದವರೂ ಇಲ್ಲ, ಬದು ಮಾತ್ರ ಇದ್ದಲ್ಲೇ ಇದೆ. ಹಾಗಾಗಿ ಕೋರ್ಟಿನ ಭಯ ನನಗೆ ಪುಸ್ತಕ ಓದಿ ಬಂದದ್ದಲ್ಲ, ಪಿತ್ರಾರ್ಜಿತ. ಆ ಭಯ ಹೇಗೆ ಬಿಟ್ಟಿತು ಎಂದು ಹೇಳುವುದಕ್ಕೂ, ನಿಮ್ಮನ್ನು ಒಂದು ದಿನ ಹೊರಡಿಸುವುದಕ್ಕೂ ಈ ಪತ್ರ.

ಶುರುವಾದದ್ದು ಹಳದಿ ಲಕೋಟೆಯಿಂದ. ನಿಮ್ಮಲ್ಲಿ ಅದನ್ನು ಕಂಡವರಿದ್ದೀರಿ, ಕಂಡೂ ಹೇಳಿಕೊಳ್ಳದವರೂ ಇದ್ದೀರಿ. ಅಂಚೆಯವನು ಅದರ ಮೇಲೆ ತನ್ನ ಕೈಯಿಂದ ದಿನಾಂಕ ಬರೆದು ಡಬ್ಬಿಯೊಳಗೆ ಹಾಕಿ ಹೋಗುತ್ತಾನೆ. ಅವನು ಬರೆದ ಆ ದಿನದಿಂದ ಗಡಿಯಾರ ಓಡಲು ಶುರು. ನನಗೆ ಬಂದದ್ದು ಮಾನ್‌ಬೆಶೈಡ್, ಅಂದರೆ ಸಾಲ ತೀರಿಸೆಂಬ ಕೋರ್ಟಿನ ಸೂಚನಾಪತ್ರ. ಹೆಸರಿನಲ್ಲೇ ‘ಮಾನ್’ ಇದ್ದದ್ದು ನೋಡಿ ಮಾನ ಹೋಯಿತೆಂದೇ ತಿಳಿದೆ. ಎಂದೋ ರದ್ದು ಮಾಡಿದ ಒಂದು ಕರಾರಿನ ಬಾಕಿ ನನ್ನ ಮೇಲಿದೆ ಎಂದು ಒಂದು ಕಂಪನಿ ಹೇಳಿತ್ತು. ಎರಡು ರಾತ್ರಿ ನಿದ್ದೆಯಿಲ್ಲ. ಮೂರನೆಯ ದಿನ ಎದುರು ಮನೆಯ ಮುದುಕಿ ಕಾಗದ ನೋಡಿ ನಕ್ಕು, ಜೊತೆಗಿದ್ದ ನಮೂನೆಯಲ್ಲಿ ಒಂದು ಚೌಕಕ್ಕೆ ಗೀಟು ಹಾಕಿಸಿ, ಸಹಿ ಮಾಡಿಸಿದಳು. ಎರಡು ವಾರದೊಳಗೆ ‘ನಾನು ಒಪ್ಪುವುದಿಲ್ಲ’ ಎಂದರೆ ಆಯಿತು. ಆಮೇಲೆ ಹಣ ಬೇಕಾದವನು ದಾವೆ ಹೂಡಿ ತನ್ನ ಮಾತನ್ನು ಸಾಬೀತು ಮಾಡಬೇಕು. ಸುಮ್ಮನಿದ್ದುಬಿಟ್ಟರೆ ಮಾತ್ರ ಅದೇ ಕಾಗದ ಜಪ್ತಿ ಆದೇಶವಾಗಿ ಮರಳಿ ಬರುತ್ತದೆ.

ಇಲ್ಲಿ ತಿಳಿದಿರಬೇಕಾದ ಒಂದು ಸಂಗತಿಯಿದೆ. ಈ ಸೂಚನಾಪತ್ರ ಹೊರಡುವ ಮೊದಲು ಯಾವ ನ್ಯಾಯಾಧೀಶರೂ ಕೂತು ಸಾಲ ನಿಜವೋ ಸುಳ್ಳೋ ಎಂದು ತೂಗಿ ನೋಡಿರುವುದಿಲ್ಲ. ಅರ್ಜಿ ಸರಿಯಾಗಿ ತುಂಬಿದ್ದರೆ ಯಂತ್ರವೇ ಮುದ್ರಿಸಿ ಕಳಿಸುತ್ತದೆ. ಕೋರ್ಟಿನ ಮೊಹರು ಕಂಡ ಕೂಡಲೇ ತೀರ್ಪೇ ಬಂತೆಂದು ಹೆದರಿ, ಕೊಡಬೇಕಿಲ್ಲದ ಹಣ ಕೊಟ್ಟವರನ್ನು ನಮ್ಮಲ್ಲಿಯೇ ಬಲ್ಲೆ.

ಗೀಟು ಹಾಕಿದ ನಮೂನೆಯನ್ನು ಅಂಚೆಗೆ ಹಾಕುವ ಧೈರ್ಯವಾಗಲಿಲ್ಲ. ಕೈಯಾರೆ ಕೊಟ್ಟು ಬರೋಣವೆಂದು ಹೊರಟೆ. ಲಕೋಟೆಯ ಮೇಲಿದ್ದ ಹೆಸರು ‘ಆಮ್ಟ್ಸ್‌ಗೆರಿಷ್ಟ್ ವೆಡ್ಡಿಂಗ್’. ಹೊಸದಾಗಿ ಬಂದವರು ಇದನ್ನು ಇಂಗ್ಲಿಷಿನಂತೆ ಓದಿ ಮದುವೆ ನೋಂದಣಿಯ ಕಚೇರಿ ಎಂದುಕೊಳ್ಳುವುದುಂಟು. ಆಮ್ಟ್ಸ್‌ಗೆರಿಷ್ಟ್ ಎಂದರೆ ಸ್ಥಳೀಯ ಕೋರ್ಟು, ವೆಡ್ಡಿಂಗ್ ಎಂಬುದು ಬಡಾವಣೆಯ ಹೆಸರು. ಮೆಟ್ರೊದ ಪಾಂಕ್‌ಸ್ಟ್ರಾಸೆ ನಿಲ್ದಾಣದಲ್ಲಿ ಇಳಿದು ಬ್ರುನೆನ್‌ಪ್ಲಾಟ್ಜ್ ಎಂಬ ಚೌಕಕ್ಕೆ ಬಂದರೆ, ಕಬಾಬ್ ಅಂಗಡಿ, ಕೇಶಾಲಂಕಾರದ ಅಂಗಡಿಗಳನ್ನು ದಾಟಿದ ಮೇಲೆ ಮರಗಳ ನಡುವೆ ಒಂದು ಕೋಟೆ ನಿಂತಿದೆ. ಉತ್ಪ್ರೇಕ್ಷೆಯಲ್ಲ, ಕೋಟೆಯೇ. ಕಡಿದಾದ ಛಾವಣಿ, ಮೊನಚು ಗೋಪುರಗಳು, ಕಲ್ಲಿನ ಕುಸುರಿ. ಕಿಟಕಿಗಳ ಮೇಲಂಚಂತೂ ಅರ್ಧ ಎಳೆದ ಪರದೆ ಜೋಲು ಬಿದ್ದಂತೆ ಬಾಗಿದೆ. ಆ ಬಾಗು ಎಲ್ಲಿಂದ ಬಂತೆಂಬುದು ನನಗೆ ಆಮೇಲೆ ಗೊತ್ತಾಯಿತು. ಸ್ಯಾಕ್ಸನಿಯ ಮೈಸೆನ್ ಊರಿನಲ್ಲಿ ಎಲ್ಬೆ ನದಿಯ ಮೇಲಿನ ಗುಡ್ಡದಲ್ಲಿ ಆಲ್ಬ್ರೆಷ್ಟ್ಸ್‌ಬುರ್ಗ್ ಎಂಬ ಅರಮನೆಯಿದೆ. 1471ರಲ್ಲಿ ಅದರ ಕೆಲಸ ಶುರುವಾಯಿತು. ಯುದ್ಧದ ಕೋಟೆಯಂತಲ್ಲದೆ ವಾಸದ ಅರಮನೆಯೆಂದೇ ಕಟ್ಟಿದ್ದರಲ್ಲಿ ಜರ್ಮನಿಗೆ ಅದು ಮೊದಲನೆಯದು ಎನ್ನುತ್ತಾರೆ. ಮುಂದೆ 1710ರಿಂದ ಅಲ್ಲಿ ಪಿಂಗಾಣಿ ಕಾರ್ಖಾನೆ ಕೂತಿತು, ಅದು ಬೇರೆ ಕಥೆ. ವೆಡ್ಡಿಂಗ್‌ನ ಕೋರ್ಟಿನ ಮುಖ ಆ ಅರಮನೆಯ ಪಡಿಯಚ್ಚು. ಕಟ್ಟಿದ್ದು 1901ರಿಂದ 1906ರವರೆಗೆ.

ಅರಮನೆಯನ್ನೇಕೆ ಸಾಲ ವಸೂಲಿಯ ಕೋರ್ಟಿಗೆ ತೊಡಿಸಿದರು? ಅದಕ್ಕೆ ಆ ಕಾಲದ ವೆಡ್ಡಿಂಗ್ ಹೇಗಿತ್ತೆಂದು ತಿಳಿಯಬೇಕು. ಕಾರ್ಖಾನೆ ಕೂಲಿಗಳ ಬಡಾವಣೆ. ಒಂದರ ಹಿಂದೊಂದು ಅಂಗಳವಿಟ್ಟು ಕಟ್ಟಿದ ಬಾಡಿಗೆ ವಠಾರಗಳು, ಬೆಳಕು ಬೀಳದ ಕೋಣೆಗಳು. ಬಾಡಿಗೆ ಬಾಕಿ, ಅಂಗಡಿ ಸಾಲ, ಕುಡಿದು ಹೊಡೆದಾಟ, ಅನಾಥ ಮಕ್ಕಳ ಪೋಷಣೆ, ಹೀಗೆ ಈ ಜನ ಸರ್ಕಾರದ ಮುಖ ನೋಡುತ್ತಿದ್ದದ್ದು ಇಂಥ ಕಟ್ಟಡದಲ್ಲಿಯೇ. ಎಂಟು ಜನ ಒಂದು ಕೋಣೆಯಲ್ಲಿ ಮಲಗಿ ಎದ್ದು ಬಂದವನಿಗೆ ಬಾಗಿಲಲ್ಲಿಯೇ ರಾಜನ ಕೋಟೆ ತೋರಿಸಿದರೆ ಅವನು ಟೋಪಿ ತೆಗೆದು ಒಳಗೆ ಬರುತ್ತಾನೆ. ಕಟ್ಟಿದವರ ರಸಿಕತೆಯನ್ನು ನಾನು ಮೆಚ್ಚುತ್ತೇನೆ. ಆದರೆ ಆ ರಸಿಕತೆಯೊಳಗೆ ದರ್ಪದ ಪಾಲು ದೊಡ್ಡದಿದೆ. ಹಾಗೆಂದು ಎಲ್ಲರೂ ತಲೆ ಬಾಗಿಸಿಯೇ ಇದ್ದರೆಂದಲ್ಲ. ‘ಕೆಂಪು ವೆಡ್ಡಿಂಗ್’ ಎಂದೇ ಹೆಸರಾದ ಜಾಗವಿದು. 1929ರ ಮೇ ಮೊದಲ ದಿನಗಳಲ್ಲಿ, ಕೋರ್ಟಿನಿಂದ ನಡೆದು ಹೋಗುವಷ್ಟು ಹತ್ತಿರವಿರುವ ಕೋಸ್ಲಿನರ್ ಬೀದಿಯಲ್ಲಿ ಪೊಲೀಸರು ಕಾರ್ಮಿಕರ ಮೇಲೆ ಗುಂಡು ಹಾರಿಸಿದರು. ಆ ದಿನಗಳಲ್ಲಿ ನಗರದಾದ್ಯಂತ 30ಕ್ಕೂ ಹೆಚ್ಚು ಮಂದಿ ಸತ್ತರು.

ಒಳಗೆ ಹೋದೆ. ತಪಾಸಣೆಯ ಬಾಗಿಲು ದಾಟಿದರೆ ಮೇಲೆ ಗೋಥಿಕ್ ಕಮಾನುಗಳ ಚಾವಣಿ, ಕಲ್ಲಿನ ಪಕ್ಕೆಲುಬುಗಳು ಬಿಡಿಸಿಕೊಂಡ ಕೊಡೆಯಂತೆ. ನಾನು ಕಾಗದ ಹಿಡಿದು ಕತ್ತೆತ್ತಿ ನಿಂತುಬಿಟ್ಟೆ. ಕಾವಲಿನವನು ಬಂದು ಯಾರನ್ನು ನೋಡಬೇಕು ಎಂದು ಕೇಳಿದ. ‘ಚಾವಣಿಯನ್ನು’ ಎಂದೆ. ಅವನಿಗೆ ಅದು ವಿಚಿತ್ರವೆನಿಸಲಿಲ್ಲ. ದಿನಕ್ಕೊಬ್ಬರಾದರೂ ಹೀಗೆ ನಿಲ್ಲುತ್ತಾರೆ ಎಂದ. ಭಯ ಬಿಟ್ಟದ್ದು ಆ ಗಳಿಗೆಯಲ್ಲಿಯೇ ಎಂದು ತೋರುತ್ತದೆ. ಕಾಗದ ಕೊಟ್ಟೆ, ಮೊಹರು ಹಾಕಿದ ಪ್ರತಿ ಸಿಕ್ಕಿತು. ಆ ಕಂಪನಿಯವರು ಮತ್ತೆ ತಲೆ ಹಾಕಲಿಲ್ಲ.

ಊರಿನಲ್ಲಿರುವ ನಿಮ್ಮ ಬಂಧುಗಳಿಗೂ ಈ ಕೋರ್ಟು ಸಂಬಂಧಪಟ್ಟದ್ದೇ ಎಂದರೆ ನಂಬುತ್ತೀರಾ? ಜರ್ಮನ್ ಸಿವಿಲ್ ಪ್ರಕ್ರಿಯಾ ಸಂಹಿತೆಯ 689ನೆಯ ಕಲಮಿನಲ್ಲಿ ಈ ಕೋರ್ಟಿನ ಹೆಸರನ್ನೇ ಬರೆದಿದ್ದಾರೆ. ಜರ್ಮನಿಯಲ್ಲಿ ವಾಸವಾಗಲಿ ಕಚೇರಿಯಾಗಲಿ ಇಲ್ಲದವನು ಇಲ್ಲಿಯವರಿಂದ ಬರಬೇಕಾದ ಹಣಕ್ಕೆ ಈ ಸೂಚನಾಪತ್ರ ಹೊರಡಿಸಬೇಕೆಂದರೆ, ಬಾಕಿದಾರ ಮ್ಯೂನಿಕ್‌ನಲ್ಲಿರಲಿ, ಹ್ಯಾಂಬರ್ಗ್‌ನಲ್ಲಿರಲಿ, ಅರ್ಜಿ ಬರಬೇಕಾದದ್ದು ವೆಡ್ಡಿಂಗ್‌ಗೆ. ಇಳಕಲ್ಲಿನ ಕೆಂಪು ಗ್ರಾನೈಟ್ ಕಳಿಸಿದವನಿರಲಿ, ಚಿಕ್ಕಮಗಳೂರಿನ ಕಾಫಿ ಕಳಿಸಿದವನಿರಲಿ, ಹಣ ಬಾರದಿದ್ದರೆ ಅವನ ಕಾಗದ ತಲುಪುವುದು ಈ ಕೋರ್ಟಿಗೆ. ಐರೋಪ್ಯ ಒಕ್ಕೂಟದ ದೇಶಗಳ ನಡುವಿನ ಇಂಥದೇ ವಸೂಲಿಗೆ 2008ರ ಡಿಸೆಂಬರ್‌ನಿಂದ ಜರ್ಮನಿಗೆಲ್ಲ ಇದೊಂದೇ ಕೋರ್ಟು. ಕೂಲಿಗಳ ಬಡಾವಣೆಯ ಕೋರ್ಟು ಲೋಕಕ್ಕೆಲ್ಲ ಬಾಗಿಲಾಯಿತು.

ಅಂದಿನಿಂದ ನನಗೆ ಹುಚ್ಚು ಹತ್ತಿತು. ರಜೆ ಸಿಕ್ಕರೆ ಕೋರ್ಟು ನೋಡಲು ಹೊರಡುವುದು. ಬರ್ಲಿನ್‌ನಲ್ಲಿ ಇಂಥ ಸ್ಥಳೀಯ ಕೋರ್ಟುಗಳು 11, ದೇಶದಲ್ಲಿ 600ಕ್ಕೂ ಹೆಚ್ಚು. ಅದರ ಹಿಂದಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಪ್ರಶಿಯಾದಲ್ಲಿ 1849ರವರೆಗೂ ದೊಡ್ಡ ಜಮೀನ್ದಾರರು ತಮ್ಮ ಎಸ್ಟೇಟಿನ ರೈತರ ಮೇಲೆ ತಮ್ಮದೇ ಕೋರ್ಟು ನಡೆಸುತ್ತಿದ್ದರು. ಜಮೀನಿನ ಒಡೆಯನೇ ನ್ಯಾಯಾಧೀಶನನ್ನು ನೇಮಿಸುವವನು! ಆ ಪದ್ಧತಿ ಹೋಯಿತು. ಜರ್ಮನಿ ಒಂದಾದ ಮೇಲೆ 1877ರಲ್ಲಿ ಕೋರ್ಟುಗಳ ಕಾನೂನು ಬಂತು, 1879ರ ಅಕ್ಟೋಬರ್ 1ರಂದು ಜಾರಿಯಾಯಿತು. ಎಲ್ಲಕ್ಕಿಂತ ಕೆಳಗಿನ, ಜನರಿಗೆ ಎಲ್ಲಕ್ಕಿಂತ ಹತ್ತಿರದ ಮೆಟ್ಟಿಲೇ ಆಮ್ಟ್ಸ್‌ಗೆರಿಷ್ಟ್. ಬರ್ಲಿನ್ ಊದಿಕೊಂಡಂತೆ ಇದ್ದ ಕೋರ್ಟುಗಳು ಸಾಲದೆ 1899ರಲ್ಲಿ ಮತ್ತೊಂದು ಕಾನೂನು ಮಾಡಿ, 1906ರಲ್ಲಿ ನಗರವನ್ನು ಹೊಸ ಕೋರ್ಟುಗಳ ಹದ್ದಿಗೆ ಹಂಚಿದರು. ಅದಕ್ಕೇ ವೆಡ್ಡಿಂಗ್, ಶೋನೆಬೆರ್ಗ್, ಪಾಂಕೋ ಕೋರ್ಟುಗಳೆಲ್ಲ ಒಂದೇ ಐದಾರು ವರ್ಷಗಳಲ್ಲಿ ಎದ್ದವು.

ಇವುಗಳ ಹಿಂದೆ ಪದೇ ಪದೇ ಕಾಣುವ ಹೆಸರುಗಳು ಎರಡು. ಪೌಲ್ ಟೋಮರ್, ರುಡಾಲ್ಫ್ ಮೋನಿಷ್. ಇಬ್ಬರೂ ಸರ್ಕಾರಿ ಸಂಬಳದ ವಾಸ್ತುಶಿಲ್ಪಿಗಳು, ನಮ್ಮ ಮಾತಿನಲ್ಲಿ ಹೇಳುವುದಾದರೆ ಲೋಕೋಪಯೋಗಿ ಇಲಾಖೆಯವರು. ನಾನು ಚಿಕ್ಕಂದಿನಿಂದ ಕಂಡ ಲೋಕೋಪಯೋಗಿ ಕಟ್ಟಡಗಳೆಂದರೆ ಹಳದಿ ಸುಣ್ಣ, ಕೆಂಪು ಅಂಚು, ಒಂದೇ ನಕ್ಷೆ. ಈ ಮಹನೀಯರು ಹಾಗೆ ಮಾಡಲಿಲ್ಲ. ಒಂದೇ ಮೇಳದ ಭಾಗವತರು ಒಬ್ಬೊಬ್ಬ ಪಾತ್ರಧಾರಿಗೂ ಬೇರೆ ಬೇರೆ ವೇಷ ಕಟ್ಟಿಸಿದಂತೆ, ವೆಡ್ಡಿಂಗ್‌ಗೆ ಗೋಥಿಕ್, ಪಾಂಕೋ ಮತ್ತು ಶೋನೆಬೆರ್ಗ್‌ಗೆ ಬರೋಕ್ ಎಂದು ಹಂಚಿದರು. ಒಳಗಿನ ಕೆಲಸ ಮಾತ್ರ ಎಲ್ಲೆಡೆ ಒಂದೇ: ಬಾಡಿಗೆ ಜಗಳ, ಉಯಿಲು, ಸಾಲ.

ನಿಮ್ಮನ್ನು ನಿಜವಾಗಿ ಕರೆದೊಯ್ಯಬೇಕೆಂದಿರುವುದು ಈ ಎಲ್ಲಕ್ಕಿಂತ ದೊಡ್ಡ ಕಟ್ಟಡಕ್ಕೆ. ಅಲೆಕ್ಸಾಂಡರ್‌ಪ್ಲಾಟ್ಜ್‌ನಲ್ಲಿ ನೀವು ದಿನವೂ ರೈಲು ಬದಲಿಸುತ್ತೀರಿ, ಊರಿನಿಂದ ಬಂದವರಿಗೆ ಟಿ.ವಿ. ಗೋಪುರ ತೋರಿಸುತ್ತೀರಿ. ಅಲ್ಲಿಂದ ಹತ್ತು ನಿಮಿಷ ನಡೆದರೆ ಲಿಟೆನ್‌ಸ್ಟ್ರಾಸೆ. 1896ರಲ್ಲಿ ಕೆಲಸ ಹಿಡಿದು ಸುಮಾರು ಎಂಟು ವರ್ಷ ಕಟ್ಟಿದ ಈ ಕೋರ್ಟು ಆಗಿನ ಬರ್ಲಿನ್‌ನಲ್ಲಿ ಚಕ್ರವರ್ತಿಯ ಅರಮನೆಯನ್ನು ಬಿಟ್ಟರೆ ಎಲ್ಲಕ್ಕಿಂತ ದೊಡ್ಡ ಕಟ್ಟಡವಾಗಿತ್ತು. ಜಿಲ್ಲಾ ಕೋರ್ಟು, ಸ್ಥಳೀಯ ಕೋರ್ಟು ಎರಡೂ ಇದರೊಳಗೆ. ಟೋಮರ್ ಮತ್ತು ಮೋನಿಷ್ ಜೊತೆಗೆ ಇಲ್ಲಿ ಒಟ್ಟೊ ಶ್ಮಾಲ್ಟ್ಸ್ ಎಂಬ ಮೂರನೆಯವರೂ ಸೇರಿದರು. ಕಟ್ಟಡದ ಹೊರಮೈ ಗಂಭೀರವಾಗಿದೆ, ಚೆನ್ನಾಗಿದೆ, ಅಷ್ಟೇ ಎನ್ನಿ. ಬಾಗಿಲು ದಾಟಿ ಮೆಟ್ಟಿಲ ಅಂಗಣಕ್ಕೆ ಬಂದಿರೋ, ಮಾತು ನಿಲ್ಲುತ್ತದೆ.

‘ಕೋರ್ಟಿನ ಮೆಟ್ಟಿಲು’ ಎಂಬ ನಮ್ಮ ನುಡಿಗಟ್ಟನ್ನು ಯಾರೋ ಕೇಳಿಸಿಕೊಂಡು, ‘ಹಾಗಾದರೆ ಹತ್ತಲೇಬೇಕು ಅನ್ನಿಸುವಂಥ ಮೆಟ್ಟಿಲು ಕಟ್ಟಿಕೊಡುತ್ತೇನೆ ನೋಡಿ’ ಎಂದು ಹಟ ತೊಟ್ಟಂತಿದೆ. ಎರಡು ಕಡೆಯಿಂದ ಮೆಟ್ಟಿಲುಗಳು ಬಳ್ಳಿಯಂತೆ ಬಳುಕುತ್ತಾ ಏರಿ ಒಂದನ್ನೊಂದು ಸಂಧಿಸಿ ಮತ್ತೆ ಬೇರೆಯಾಗುತ್ತವೆ. ಸುತ್ತಲೂ ಮಹಡಿಯ ಮೇಲೆ ಮಹಡಿ ಪಡಸಾಲೆಗಳು. ಕಂಬಗಳು ತೆಳ್ಳಗೆ ಎದ್ದು ಮೇಲೆ ಕಮಾನುಗಳಾಗಿ ಹರಡಿಕೊಳ್ಳುತ್ತವೆ. ಕಟಕಟೆಯ ಕಬ್ಬಿಣ ಸಹ ಹೂಬಳ್ಳಿಯ ಹಾಗೆ ಸುರುಳಿ ಸುತ್ತಿದೆ. ಬರೋಕ್, ಗೋಥಿಕ್, ಆ ಕಾಲದ ಹೊಸ ಶೈಲಿಯಾದ ಯುಗೆಂಡ್‌ಸ್ಟಿಲ್ ಮೂರನ್ನೂ ಕಲಸಿದ್ದಾರೆ. ಬರೆದು ನೋಡಿದರೆ ಕಲಬೆರಕೆ, ನಿಂತು ನೋಡಿದರೆ ಒಂದೇ ರಾಗ. ಅದರ ಮೇಲೆ ಕಪ್ಪು ನಿಲುವಂಗಿ ಮಡಚಿ ತೋಳಿಗೆ ಹಾಕಿಕೊಂಡ ವಕೀಲರು ಕಡತ ಹಿಡಿದು ಯಾವ ಪರಿವೆಯೂ ಇಲ್ಲದೆ ಓಡಾಡುತ್ತಿರುತ್ತಾರೆ. ಅವರನ್ನು ನೋಡಿದರೆ ನನಗೆ ಹಂಪಿಯ ಕಲ್ಲುರಥದ ಪಕ್ಕ ಮೊಬೈಲ್ ನೋಡುತ್ತಾ ಕೂತವರ ನೆನಪು.

ಈಗ ಉಳಿದಿರುವುದು ಇಡೀ ಕಟ್ಟಡವಲ್ಲ. ಯುದ್ಧದ ಬಾಂಬುಗಳಿಂದಲೂ ಜೀವ ಉಳಿಸಿಕೊಂಡ ಇದರ ಒಂದು ಪಾರ್ಶ್ವವನ್ನು 1968-69ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಕೆಡವಿ ಹಾಕಿತು. ಕಾರಣ? ಗ್ರುನರ್‌ಸ್ಟ್ರಾಸೆಯನ್ನು ಅಗಲ ಮಾಡಬೇಕಿತ್ತು. ಇಂದು ನಾವು ಆ ಅಗಲ ರಸ್ತೆಯನ್ನು ದಾಟಲು ಸಿಗ್ನಲ್‌ನಲ್ಲಿ ನಿಂತು ಶಪಿಸುತ್ತೇವಲ್ಲ, ನಾವು ನಿಂತ ಜಾಗದಲ್ಲಿಯೇ ಎಲ್ಲೋ ಕೋರ್ಟಿನ ಕೋಣೆಗಳಿದ್ದವು. ವಿಧಿಯ ತಮಾಷೆ ನೋಡಿ. ರಸ್ತೆಗಾಗಿ ಮೈಯ ಒಂದು ಭಾಗವನ್ನು ಕಳೆದುಕೊಂಡ ಈ ಕಟ್ಟಡದಲ್ಲಿರುವ ಮಿಟೆ ಎಂಬ ಸ್ಥಳೀಯ ಕೋರ್ಟಿಗೇ ಬರ್ಲಿನ್‌ನ ರಸ್ತೆ ಅಪಘಾತಗಳ ಪರಿಹಾರದ ದಾವೆಗಳು ಬರುತ್ತವೆ. ಪೂರ್ವ ಜರ್ಮನಿಯ ಕೊನೆಯ ವರ್ಷಗಳಲ್ಲಿ ಅದರ ಸರ್ವೋಚ್ಚ ನ್ಯಾಯಾಲಯ ಕೂತದ್ದೂ ಇಲ್ಲಿಯೇ. ಅದೇ ಮೆಟ್ಟಿಲುಗಳನ್ನು ಎಷ್ಟು ಬಗೆಯ ನ್ಯಾಯ ಹತ್ತಿ ಇಳಿದಿದೆಯೋ!

ಬೀದಿಯ ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹಿಂದೆ ಇದು ನೊಯೆ ಫ್ರೀಡ್ರಿಷ್‌ಸ್ಟ್ರಾಸೆ. 1951ರಲ್ಲಿ ಹಾನ್ಸ್ ಲಿಟೆನ್ ಹೆಸರಿಟ್ಟರು. 1930ರಲ್ಲಿ ಶಾರ್ಲೊಟೆನ್‌ಬುರ್ಗ್‌ನ ಒಂದು ನೃತ್ಯಶಾಲೆಯಲ್ಲಿ ಕಾರ್ಮಿಕರ ಮೇಲೆ ನಾಜಿ ದಾಳಿಪಡೆಯವರು ಬಿದ್ದರು. ಗಾಯಗೊಂಡವರ ಪರ ವಕೀಲನಾಗಿದ್ದ ಲಿಟೆನ್‌ಗೆ ಆಗ ಮೂವತ್ತೂ ತುಂಬಿರಲಿಲ್ಲ. ಈ ಹಿಂಸೆ ಕೆಲವು ಪುಂಡರದಲ್ಲ, ಪಕ್ಷದ ಪದ್ಧತಿಯೇ ಎಂದು ತೋರಿಸಲು ಆತ ಹಿಟ್ಲರನನ್ನೇ ಸಾಕ್ಷಿಯಾಗಿ ಕರೆಸಿದ. 1931ರ ಮೇ 8ರಂದು ಮೊಆಬಿಟ್‌ನ ಕ್ರಿಮಿನಲ್ ಕೋರ್ಟಿನಲ್ಲಿ ಸುಮಾರು ಮೂರು ಗಂಟೆ ಪಾಟೀಸವಾಲು ನಡೆಯಿತು. ಎಲ್ಲ ಕಾನೂನು ಪ್ರಕಾರವೇ ಮಾಡುತ್ತೇವೆ ಎಂದು ಊರೆಲ್ಲ ಸಾರುತ್ತಿದ್ದ ಮನುಷ್ಯ ಬೆವರಿದ, ಸಿಡುಕಿದ, ಕೂಗಾಡಿದ. ಮರೆಯಲಿಲ್ಲ. 1933ರ ಫೆಬ್ರವರಿ 28ರ ಬೆಳಗಿನ ಜಾವ, ಸಂಸತ್ ಭವನಕ್ಕೆ ಬೆಂಕಿ ಬಿದ್ದ ಆ ರಾತ್ರಿಯೇ, ಲಿಟೆನ್‌ನನ್ನು ಹಿಡಿದರು. ಐದು ವರ್ಷ ಒಂದು ಶಿಬಿರದಿಂದ ಇನ್ನೊಂದಕ್ಕೆ ಎಳೆದಾಡಿ ಹಿಂಸಿಸಿದರು. ತಾಯಿ ಇರ್ಮ್‌ಗಾರ್ಡ್ ಕಂಡಕಂಡವರ ಬಾಗಿಲು ತಟ್ಟಿದರು. 1938ರ ಫೆಬ್ರವರಿ 5ರಂದು ಡಾಹೌ ಶಿಬಿರದಲ್ಲಿ ಆತ ತನ್ನ ಜೀವವನ್ನು ತಾನೇ ಕೊನೆಗಾಣಿಸಿಕೊಂಡ. ಆಗ ವಯಸ್ಸು 34.

ಲಿಟೆನ್‌ನ ಹೆಸರಿನ ಬೀದಿಯಿದೆ, ಅಲ್ಲಿಗೆ ಜನ ಬರುತ್ತಾರೆ. ಸ್ಥಳೀಯ ಕೋರ್ಟಿನ ಪುಟ್ಟ ಕುರ್ಚಿಯಲ್ಲಿ ಕೂತು ‘ಆಗದು’ ಎಂದವರನ್ನು ಹುಡುಕಬೇಕಾದರೆ ಸ್ವಲ್ಪ ದೂರ ಹೋಗಬೇಕು. ಕೋಪೆನಿಕ್ ಕೋರ್ಟಿನ ಮುಂದಿನ ಚೌಕದ ಹೆಸರು ಮಾಂಡ್ರೆಲ್ಲಾಪ್ಲಾಟ್ಜ್. ರುಡಾಲ್ಫ್ ಮಾಂಡ್ರೆಲ್ಲ ಅಲ್ಲಿಯ ನ್ಯಾಯಾಧೀಶ, ನಾಜಿ ಆಡಳಿತವನ್ನು ವಿರೋಧಿಸಿದವನು, 1943ರಲ್ಲಿ ತಲೆ ಕೊಟ್ಟವನು. ಅದೇ ಕೋರ್ಟಿಗೆ ಸೇರಿದ ಹಿಂಬದಿಯ ಜೈಲಿನಲ್ಲಿ 1933ರ ಜೂನ್‌ನಲ್ಲಿ ದಾಳಿಪಡೆಯವರು ವಿರೋಧಿಗಳನ್ನು ತಂದು ಕೂಡಿಹಾಕಿ ಚಿತ್ರಹಿಂಸೆ ಕೊಟ್ಟಿದ್ದರು. ಈಗ ಅದೊಂದು ಸ್ಮಾರಕ. ಮುಂಬಾಗಿಲಲ್ಲಿ ನ್ಯಾಯ, ಹಿತ್ತಿಲಲ್ಲಿ ಅದರ ಕೊಲೆ.

ಇನ್ನೊಬ್ಬರಿಗಾಗಿ ಬರ್ಲಿನ್ ಬಿಟ್ಟು ರೈಲಿನಲ್ಲಿ ಪಶ್ಚಿಮಕ್ಕೆ ಒಂದು ಗಂಟೆಯೊಳಗೆ ಸಿಗುವ ಬ್ರಾಂಡೆನ್‌ಬುರ್ಗ್ ಎಂಬ ಊರಿಗೆ ಹೋಗಬೇಕು, ಹಾಫೆಲ್ ನದಿಯ ದಡದ್ದು. ಅಲ್ಲಿಯ ಸ್ಥಳೀಯ ಕೋರ್ಟಿನಲ್ಲಿ ಲೋಥರ್ ಕ್ರೈಸಿಗ್ ಪೋಷಣೆಯ ವಿಷಯಗಳ ನ್ಯಾಯಾಧೀಶರು. ತಮ್ಮ ಹಿತ ತಾವು ನೋಡಿಕೊಳ್ಳಲಾಗದ ಮನೋರೋಗಿಗಳು, ಬುದ್ಧಿಮಾಂದ್ಯರು ಈ ಕೋರ್ಟಿನ ರಕ್ಷಣೆಯಲ್ಲಿರುತ್ತಾರೆ. ಅವರೊಬ್ಬೊಬ್ಬರದೂ ಒಂದು ಕಡತ. ನಮ್ಮ ಕಡೆ ಇಂಥ ಕುರ್ಚಿಯನ್ನು ‘ಗುಮಾಸ್ತನ ಕೆಲಸ’ ಎಂದು ಮೂಗು ಮುರಿಯುತ್ತಾರೆ. 1940ರಲ್ಲಿ ಕ್ರೈಸಿಗ್ ಅವರ ಮೇಜಿನ ಮೇಲೆ ಒಂದರ ಹಿಂದೊಂದು ಸಾವಿನ ಸೂಚನೆಗಳು ಬರಲಾರಂಭಿಸಿದವು. ಇವತ್ತು ಬೇರೆ ಆಸ್ಪತ್ರೆಗೆ ವರ್ಗ, ಕೆಲವೇ ದಿನಗಳಲ್ಲಿ ಸಾವು. ಕಡತ ನೋಡುವವನಿಗೆ ಮಾತ್ರ ಕಾಣುವ ಲೆಕ್ಕ ಅದು. ಅವರ ಊರಿನ ಹಳೆಯ ಜೈಲಿನಲ್ಲಿಯೇ ನಾಜಿಗಳು ವಿಷಾನಿಲದ ಕೋಣೆ ಕಟ್ಟಿ, ಆ ಒಂದೇ ವರ್ಷದಲ್ಲಿ ಇಂಥ 9,000ಕ್ಕೂ ಹೆಚ್ಚು ರೋಗಿಗಳನ್ನು ಕೊಂದರು.

ಜುಲೈಯಲ್ಲಿ ಅವರು ನ್ಯಾಯ ಸಚಿವರಿಗೆ ಪತ್ರ ಬರೆದು, ಇದು ಕಾನೂನಿನ ಪ್ರಕಾರ ಕೊಲೆ ಎಂದು ತಿಳಿಸಿದರು. ತನ್ನ ಒಪ್ಪಿಗೆಯಿಲ್ಲದೆ ತನ್ನ ರಕ್ಷಣೆಯಲ್ಲಿರುವ ಯಾರನ್ನೂ ಸಾಗಿಸಕೂಡದೆಂದು ಆಸ್ಪತ್ರೆಗಳಿಗೆ ಆದೇಶ ಕೊಟ್ಟರು. ಆ ಕೆಲಸದ ಮೇಲ್ವಿಚಾರಣೆ ಮಾಡುತ್ತಿದ್ದ ಫಿಲಿಪ್ ಬೂಲರ್ ಎಂಬ ನಾಜಿ ಪ್ರಮುಖನ ಮೇಲೆ ಕೊಲೆಯ ದೂರು ಕೊಟ್ಟರು! ಸಚಿವ ಗ್ಯುರ್ಟ್ನರ್ ಕರೆಸಿ ಹಿಟ್ಲರನ ಸಹಿಯಿದ್ದ ಕಾಗದವನ್ನೇ ತೋರಿಸಿದ. ಒಂದು ಚೀಟಿ ಕಾನೂನಾಗಲಾರದು ಎಂಬುದು ಕ್ರೈಸಿಗ್ ಅವರ ನಿಲುವು. ಫ್ಯೂರರ್‌ನ ಇಚ್ಛೆಯೇ ಕಾನೂನಿನ ಮೂಲವೆಂದು ಒಪ್ಪಲಾಗದಿದ್ದರೆ ನೀವು ನ್ಯಾಯಾಧೀಶರಾಗಿ ಇರಲಾರಿರಿ ಎಂದು ಸಚಿವ ಹೇಳಿದ. ಅವರು ಒಪ್ಪಲಿಲ್ಲ, 1942ರಲ್ಲಿ ಕುರ್ಚಿ ಬಿಡಿಸಿದರು. ಜೈಲಿಗೆ ಹೋಗಲಿಲ್ಲ, ನೇಣಿಗೆ ಏರಲಿಲ್ಲ. ತೋಟದ ಮನೆಯಲ್ಲಿದ್ದುಕೊಂಡು ಬೇಸಾಯ ಮಾಡಿದರು, ಇಬ್ಬರು ಯಹೂದಿ ಹೆಂಗಸರಿಗೆ ಅಡಗಲು ಜಾಗ ಕೊಟ್ಟರು, 1986ರವರೆಗೆ ಬದುಕಿದರು. ಈ ಹತ್ಯೆಗಳ ವಿರುದ್ಧ ಬಹಿರಂಗವಾಗಿ ಎದ್ದು ನಿಂತ ಜರ್ಮನ್ ನ್ಯಾಯಾಧೀಶರು ಇವರೊಬ್ಬರೇ ಎಂದು ಇತಿಹಾಸಕಾರರು ಹೇಳುತ್ತಾರೆ. ನನ್ನನ್ನು ಕಾಡುವುದು ಆ ‘ಒ‌ಬ್ಬರೇ’. ಎದುರಿಸಿದವನ ಜೀವ ಉಳಿಯಿತು. ಉಳಿದ ಸಾವಿರಾರು ಮಂದಿ ಯಾವುದಕ್ಕೆ ಹೆದರಿದರು?

ಬಂಧುಗಳೇ, ಇಷ್ಟೆಲ್ಲ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ಈ ಕೋರ್ಟುಗಳು ನಮಗೆ ಗೊತ್ತಿಲ್ಲದೆಯೇ ನಮ್ಮನ್ನು ಬರೆದಿಟ್ಟುಕೊಂಡಿವೆ. ನಿಮ್ಮಲ್ಲಿ ಫ್ಲ್ಯಾಟ್ ಕೊಂಡವರ ಹೆಸರು ಸೇರಿರುವುದು ಗ್ರುಂಡ್‌ಬುಖ್ ಎಂಬ ಭೂದಾಖಲೆಗೆ. ಊರಿನಲ್ಲಾದರೆ ಸಬ್ ರಿಜಿಸ್ಟ್ರಾರ್ ಕಚೇರಿ, ಇಲ್ಲಿ ಅದು ಸ್ಥಳೀಯ ಕೋರ್ಟಿನ ಒಂದು ವಿಭಾಗ. ಬರ್ಲಿನ್‌ನಲ್ಲಿ ಯಾವುದೇ ಸಂಘ ನೋಂದಾಯಿತವಾಗಬೇಕೆಂದರೆ ಕನಿಷ್ಠ ಏಳು ಸದಸ್ಯರು ಬೇಕು, ದಾಖಲಾಗುವುದು 1897ರಲ್ಲಿ ಕಟ್ಟಿ ಮುಗಿಸಿದ ಶಾರ್ಲೊಟೆನ್‌ಬುರ್ಗ್ ಕೋರ್ಟಿನ ಪುಸ್ತಕದಲ್ಲಿ. ನೀವು ತೆರೆದ ಸ್ಟಾರ್ಟ್‌ಅಪ್ ಕಂಪನಿಯೂ ಅಲ್ಲಿಯೇ. ಮನೆ ಮಾಲೀಕ ಬಾಡಿಗೆ ಏರಿಸಿದನೆಂದು ವಾರಗಟ್ಟಲೆ ಗೊಣಗುತ್ತೀರಲ್ಲ, ಮೊತ್ತ ಎಷ್ಟೇ ದೊಡ್ಡದಿರಲಿ, ವಾಸದ ಮನೆಯ ಬಾಡಿಗೆ ವ್ಯಾಜ್ಯ ಮೊದಲು ಬರುವುದು ಈ ಬಾಗಿಲಿಗೆ. ಚರ್ಚಿನ ಸದಸ್ಯತ್ವ ಬಿಡುವವರು ಹೇಳಿಕೆ ಕೊಡುವುದೂ ಇಲ್ಲಿ. ಅದು ನಮಗೆ ಬೇಡದ ವಿಷಯ, ಆದರೆ ಆ ಸಾಲಿನಲ್ಲಿ ನಿಂತವರ ಮುಖ ನೋಡುವುದು ಸ್ವಾರಸ್ಯಕರ.

ಜರ್ಮನ್ ಪಾಸ್‌ಪೋರ್ಟ್ ಪಡೆದ ನಿಮ್ಮಲ್ಲಿ ಹಲವರಿಗೆ ಬೇರೆಯದೇ ಒಂದು ಕೋರಿಕೆ. ಇಲ್ಲಿಯ ಹಲವು ಕ್ರಿಮಿನಲ್ ಪ್ರಕರಣಗಳಲ್ಲಿ ನ್ಯಾಯಾಧೀಶರ ಪಕ್ಕ ‘ಶೋಫೆನ್’ ಎಂಬ ಇಬ್ಬರು ಸಾಮಾನ್ಯ ನಾಗರಿಕರು ಕೂರುತ್ತಾರೆ, ತೀರ್ಪಿನಲ್ಲಿ ಅವರಿಗೂ ಒಂದೊಂದು ಮತ. ಕಾನೂನು ಓದಿರಬೇಕಿಲ್ಲ. ವಯಸ್ಸು 25ರಿಂದ 69ರೊಳಗೆ ಇರಬೇಕು, ಜರ್ಮನ್ ಪೌರತ್ವ ಬೇಕು, ಭಾಷೆ ಬರಬೇಕು. ಅವಧಿ ಐದು ವರ್ಷ. ಈಗಿನ ಅವಧಿ 2028ಕ್ಕೆ ಮುಗಿಯುತ್ತದೆ, ಅಂದರೆ ಮುಂದಿನ ಪಟ್ಟಿಗೆ ಹೆಸರು ಕೊಡುವ ಕಾಲ ದೂರವಿಲ್ಲ. ಕಟಕಟೆಯ ಈಚೆ ನಿಲ್ಲುವ ಭಯ ಇರುವವರಿಗೆ ಆಚೆ ಕೂರುವ ದಾರಿಯೂ ಇದೆ ಎಂದು ತಿಳಿಸಿದೆ, ಅಷ್ಟೇ.

ಸೆಪ್ಟೆಂಬರ್‌ನ ಎರಡನೆಯ ಭಾನುವಾರ ಜರ್ಮನಿಯಲ್ಲಿ ಹಳೆಯ ಕಟ್ಟಡಗಳ ಬಾಗಿಲು ತೆರೆಯುವ ದಿನ, ಆಗ ಹೋದರಾಗದೇ ಎಂದು ಕೇಳುವಿರಿ. ಹೋಗಿ. ಆದರೆ ಜನವಿಲ್ಲದ ಕೋರ್ಟು ಪೂಜೆಯಿಲ್ಲದ ಗುಡಿಯ ಹಾಗೆ. ವಿಚಾರಣೆಗಳು ಸಾರ್ವಜನಿಕ ಎಂಬುದು ಇಲ್ಲಿಯ ಕಾನೂನು. ಕೌಟುಂಬಿಕ ವಿಷಯಗಳಂಥ ಕೆಲವನ್ನು ಬಿಟ್ಟರೆ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು. ಅಂದಿನ ವಿಚಾರಣೆಗಳ ಪಟ್ಟಿಯನ್ನು ಕೋಣೆಯ ಹೊರಗೇ ಅಂಟಿಸಿರುತ್ತಾರೆ. ಕಳೆದ ಸಲ ನಾನು ಕೂತದ್ದು ಒಂದು ಸೈಕಲ್ಲು, ಒಂದು ಕಾರಿನ ಬಾಗಿಲಿನ ಪ್ರಕರಣಕ್ಕೆ. ನಲವತ್ತು ನಿಮಿಷ ಇಬ್ಬರೂ ಒಂದೇ ಒಂದು ಗೀರಿನ ಫೋಟೊ ಹಿಡಿದು ವಾದಿಸಿದರು. ನನ್ನ ತಂದೆಯ ಬದು ನೆನಪಾಯಿತು.

ಆದ್ದರಿಂದ ಬರುವ ತಿಂಗಳ ಮೊದಲ ಮಂಗಳವಾರ ಅರ್ಧ ದಿನ ರಜೆ ಹಾಕಿ. ಬೆಳಿಗ್ಗೆ ಒಂಬತ್ತಕ್ಕೆ ಯು2 ಮಾರ್ಗದ ಕ್ಲೋಸ್ಟರ್‌ಸ್ಟ್ರಾಸೆ ನಿಲ್ದಾಣದ ಹೊರಗೆ ನಿಂತಿರುತ್ತೇನೆ. ಬಾಂಬಿಗೆ ಚಾವಣಿ ಕಳೆದುಕೊಂಡ ಫ್ರಾನ್ಸಿಸ್ಕನ್ ಮಠದ ಚರ್ಚನ್ನು ದಾರಿಯಲ್ಲೇ ನೋಡಿಕೊಂಡು ಲಿಟೆನ್‌ಸ್ಟ್ರಾಸೆಗೆ ಹೋಗೋಣ, ಒಂದು ವಿಚಾರಣೆಗೆ ಕೂರೋಣ. ಮಧ್ಯಾಹ್ನಕ್ಕೆ ಹಿಂದಿನ ಬೀದಿಯಲ್ಲಿ, ಮಧ್ಯಯುಗದ ನಗರಗೋಡೆಯ ಅವಶೇಷಕ್ಕೆ ಒತ್ತಿಕೊಂಡಂತೆ ಒಂದು ಹಳೆಯ ಹೋಟೆಲ್ ಇದೆ. 1621ರಿಂದ ನಡೆದು ಬಂದಿದೆ ಎನ್ನುತ್ತಾರೆ. ಕೋರ್ಟಿನ ನೆರೆಯಲ್ಲಿರುವ ತಪ್ಪಿಗೆ ಅದರ ಹೆಸರು ‘ಕೊನೆಯ ಮೇಲ್ಮನವಿ’. ತಿಂಡಿಗಳಿಗೂ ‘ಸಾಕ್ಷಿ ಹೇಳಿಕೆ’, ‘ಪಾಟೀಸವಾಲು’ ಎಂಬಂಥ ಹೆಸರುಗಳು. ಬಹುಪಾಲು ಹಂದಿ ಮಾಂಸ, ಹಾಗಾಗಿ ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಬನ್ನಿ. ಚಿತ್ರಾನ್ನವಾದರೆ ನನಗೂ ಒಂದು ಪಾಲು ಇರಲಿ.

ಬಾಗಿಲಲ್ಲಿ ವಿಮಾನ ನಿಲ್ದಾಣದಂತೆಯೇ ತಪಾಸಣೆಯಿದೆ. ಮಾವಿನಹಣ್ಣು ಕತ್ತರಿಸುವ ಚಾಕುವನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಇಂತಿ,
ನಿಮ್ಮವನೇ ಆದ ಒಬ್ಬ ವೆಡ್ಡಿಂಗ್ ನಿವಾಸಿ